ಹುಬ್ಬಳ್ಳಿಯಿಂದ ಊಟಿಗೆ ಹೋಗುವವರು ಪುಟಾಣಿ ರೈಲನ್ನು ಎಲ್ಲಿ ಹತ್ತಬೇಕು?

ಬರೀ ಗಮ್ಮತ್ತಿಗಾದರೆ ಊಟಿಯಲ್ಲೇ ಹತ್ತಿ ಕೂನೂರಿನಲ್ಲಿ ಇಳಿಯಿರಿ. ಸುಮಾರು 19 ಕಿ.ಮೀ., ಒಂದು ತಾಸಿನ ಹಾದಿ. ಮೈಸೂರು, ಗುಡಲೂರು ಮೇಲೆ ಬಂದವರಿಗೆ ಇದೇ ಸಲೀಸು, ರೈಲು ಮೊದಲು ಹೊರಡುವ ಮೆಟ್ಟುಪಾಳ್ಯಂ ಗುಡ್ಡದ ಆಚೆ ಮಗ್ಗುಲಿಗಿದೆ.

ಆದರೆ ನಿಜವಾದ ಕರಾಮತ್ತು ಮೆಟ್ಟುಪಾಳ್ಯಂ–ಕೂನೂರು ನಡುವೆ. ಕಲ್ಲಾರ್ ದಾಟಿದ ಮೇಲೆ ಕಡಿದಾದ ಕಡೆ ಏರು 12 ಅಡಿಗೆ 1 ಅಡಿ. ನುಣುಪು ಹಳಿಯ ಮೇಲೆ ಗಾಲಿ ಜಾರುತ್ತದೆ. ಅದಕ್ಕೇ ಎರಡು ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಕಿದ್ದಾರೆ. ಎಂಜಿನ್ನಿನ ಅಡಿಯ ಹಲ್ಲುಚಕ್ರ ಅದನ್ನು ಕಚ್ಚಿಕೊಳ್ಳುತ್ತ, ಬೋಗಿಗಳನ್ನು ಹಿಂದಿನಿಂದ ನೂಕುತ್ತದೆ. ಊಟಿ ಮುಟ್ಟಲು ಸುಮಾರು 5 ತಾಸು. ಸಣ್ಣ ಮಕ್ಕಳಿದ್ದರೆ ಬೇಡವೇ ಬೇಡ. ಬೆಳಗ್ಗೆ 7ರ ಸುಮಾರಿಗೇ ಬಿಡುವುದರಿಂದ ಹಿಂದಿನ ರಾತ್ರಿ ಮೆಟ್ಟುಪಾಳ್ಯಂನಲ್ಲೇ ತಂಗಬೇಕು.

ನಮ್ಮ ಕಡೆ ಮಳೆ ಮುಗೀತೆಂದು ಅಕ್ಟೋಬರ್–ನವೆಂಬರಿನಲ್ಲಿ ಹೊರಡಬೇಡಿ. ಆ ಮಗ್ಗುಲಿಗೆ ಹಿಂಗಾರು ಜೋರು, ಗುಡ್ಡ ಕುಸಿದು ರೈಲು ರದ್ದಾಗುವುದು ಹೆಚ್ಚಾಗಿ ಆಗಲೇ.