ಮೇಸ್ತ್ರಿಯ ಪುಸ್ತಕ ತೆರೆದು ನೋಡಿದ್ದೀರಾ?

ಕಾಫಿ ಕೊಯ್ಲಿನ ಹೊತ್ತಿಗೆ ಬಂದ ಪತ್ರಗಳಲ್ಲಿ ಮೂರನ್ನು ಈ ವಾರ ಆರಿಸಿಕೊಂಡಿದ್ದೇವೆ. ಉತ್ತರಿಸಿರುವವರು ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಕಾರ್ಮಿಕ ಪ್ರಕರಣಗಳನ್ನು ನಡೆಸುವ ವಕೀಲರು.

ಪ್ರಶ್ನೆ: ಹಾಸನದ ಕಾಫಿ ಕ್ಯೂರಿಂಗ್ ವರ್ಕ್ಸ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆ) ಒಂದರಲ್ಲಿ ಖರೀದಿ ವಿಭಾಗ ನೋಡಿಕೊಳ್ಳುತ್ತೇನೆ. ಯುರೋಪಿನ ಖರೀದಿದಾರರು ‘ಆಧುನಿಕ ಗುಲಾಮಗಿರಿ’ ಕುರಿತು ಉದ್ದದ ಪ್ರಶ್ನಾವಳಿ ಕಳುಹಿಸಿದ್ದಾರೆ. ನಮ್ಮ ಕಾರ್ಖಾನೆಯಲ್ಲಿ ಎಲ್ಲರಿಗೂ ಪಿಎಫ್, ಇಎಸ್‌ಐ ಇದೆ. ಕಾಫಿ ಬರುವುದು ಸುಮಾರು ಮುನ್ನೂರು ಬೆಳೆಗಾರರಿಂದ. ಎಲ್ಲ ಪ್ರಶ್ನೆಗೂ ‘ಇಲ್ಲ’ ಎಂದು ಗುರುತು ಹಾಕಿ ಕಳುಹಿಸಿದರೆ ಸಾಲದೇ?

ಉತ್ತರ: ಸಾಲದು. ಮೇಲಿಂದ ಕೆಳಗಿನವರೆಗೆ ‘ಇಲ್ಲ’ ಎಂದೇ ಇರುವ ಹಾಳೆಯನ್ನು ಕಂಡರೆ, ಇವರು ತೋಟದ ಕಡೆ ತಲೆಯನ್ನೇ ಹಾಕಿಲ್ಲ ಎಂದು ಪಳಗಿದ ಖರೀದಿದಾರನಿಗೆ ಗೊತ್ತಾಗಿಬಿಡುತ್ತದೆ.

ಅವರಿಗೂ ಒತ್ತಡವಿದೆ. ವರ್ಷಕ್ಕೆ 3.6 ಕೋಟಿ ಪೌಂಡ್ ಅಥವಾ ಅದಕ್ಕೂ ಹೆಚ್ಚು ವಹಿವಾಟು ಇರುವ ಕಂಪನಿ, ತನ್ನ ಪೂರೈಕೆದಾರರಲ್ಲಿ ಗುಲಾಮಗಿರಿ ತಡೆಯಲು ಏನು ಮಾಡಿದೆ ಎಂಬುದನ್ನು ಪ್ರತಿವರ್ಷ ಪ್ರಕಟಿಸಬೇಕೆಂದು ಬ್ರಿಟನ್ನಿನ 2015ರ ಕಾಯ್ದೆ ಹೇಳುತ್ತದೆ. ಐರೋಪ್ಯ ಒಕ್ಕೂಟ ಇನ್ನೂ ಬಿಗಿ. ಬಲವಂತದ ದುಡಿಮೆಯಿಂದ ಬಂದ ಸರಕು ಎಂದು ಸಾಬೀತಾದರೆ ಅದನ್ನು ಮಾರುವುದನ್ನೇ ನಿಷೇಧಿಸುವ ನಿಯಮ ಅಲ್ಲಿ 2027ರ ಡಿಸೆಂಬರ್ 14ರಿಂದ ಅನ್ವಯವಾಗುತ್ತದೆ.

‘ಆಧುನಿಕ ಗುಲಾಮಗಿರಿ’ ಎಂದಾಗ ಯಾವುದೋ ಕಡಲಾಚೆಯ ಸಂಗತಿ ಎನಿಸುತ್ತದೆ. ನಮ್ಮಲ್ಲಿ ಅದಕ್ಕೆ ಹಳೆಯ ಹೆಸರಿದೆ, ಜೀತ. 2018ರ ಡಿಸೆಂಬರ್‌ನಲ್ಲಿ ನಿಮ್ಮದೇ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಶೆಡ್ಡೊಂದರಲ್ಲಿ ಕೂಡಿಹಾಕಿದ್ದ ಐವತ್ತಕ್ಕೂ ಹೆಚ್ಚು ಕಾರ್ಮಿಕರನ್ನು ಪೊಲೀಸರು ಬಿಡಿಸಿದ್ದು ನಿಮಗೆ ನೆನಪಿರಬಹುದು. ಆದರೆ ಜೀತಕ್ಕೆ ಬೀಗ ಹಾಕಿದ ಶೆಡ್ಡೇ ಬೇಕೆಂದಿಲ್ಲ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ, ಸಾಲ ಅಥವಾ ಮುಂಗಡದ ಕಾರಣಕ್ಕೆ ಒಬ್ಬ ವ್ಯಕ್ತಿ ಕನಿಷ್ಠ ಕೂಲಿಯೂ ಇಲ್ಲದೆ ದುಡಿಯಬೇಕಾಗಿ ಬಂದರೆ, ಬೇರೆ ಕೆಲಸಕ್ಕೆ ಹೋಗುವ ಅಥವಾ ಇಷ್ಟ ಬಂದಲ್ಲಿ ಓಡಾಡುವ ಸ್ವಾತಂತ್ರ್ಯ ಕಳೆದುಕೊಂಡರೆ, ಇವುಗಳಲ್ಲಿ ಯಾವುದೇ ಒಂದು ಇದ್ದರೂ ಅದು ಜೀತವೇ.

ಇನ್ನು ಎಲ್ಲಿ ನೋಡಬೇಕು ಎಂಬುದು. ಮೊದಲು ನಿಮ್ಮ ಗೇಟಿನ ಒಳಗೇ. ಮೂಟೆ ಹೊರುವ ಹಮಾಲರು, ಬೀಜ ಆಯುವ ಮಹಿಳೆಯರು, ಕಾವಲುಗಾರರು, ಇವರೆಲ್ಲ ನಿಮ್ಮ ಹಾಜರಿ ಪುಸ್ತಕದಲ್ಲಿದ್ದಾರೆಯೇ, ಗುತ್ತಿಗೆದಾರನ ಪುಸ್ತಕದಲ್ಲಿದ್ದಾರೆಯೇ? ‘ಎಲ್ಲರಿಗೂ ಪಿಎಫ್’ ಎಂದು ಬರೆದಿದ್ದೀರಿ. ಆ ‘ಎಲ್ಲರೂ’ ಯಾರು ಎಂದು ಒಮ್ಮೆ ಎಣಿಸಿ ನೋಡಿ.

ಆಮೇಲೆ ತೋಟಗಳು. ಮುನ್ನೂರು ಮಂದಿಗೂ ಪ್ರಶ್ನಾವಳಿ ಹಂಚಬೇಡಿ. ಹಂಚಿದರೆ ಮುನ್ನೂರು ‘ಇಲ್ಲ’ಗಳು ವಾಪಸು ಬರುತ್ತವೆ, ಅಷ್ಟೆ. ಎರಡು ಮೂರು ಎಕರೆಯಲ್ಲಿ ಮನೆಯವರೂ ಊರಿನವರೂ ಸೇರಿ ಹಣ್ಣು ಕೊಯ್ಯುವ ಬೆಳೆಗಾರರನ್ನು ಸದ್ಯಕ್ಕೆ ಬಿಡಿ. ಅಸ್ಸಾಂ, ಬಂಗಾಳ, ಜಾರ್ಖಂಡ್‌ಗಳಿಂದ ಬಂದವರು ಲೈನ್ ಮನೆಗಳಲ್ಲಿ, ಅಂದರೆ ತೋಟದೊಳಗಿನ ಆಳುಗಳ ಸಾಲುಮನೆಗಳಲ್ಲಿ, ಇರುವ, ಬಟವಾಡೆ ಮೇಸ್ತ್ರಿಯ (ಆಳುಗಳನ್ನು ಕರೆತಂದು ಕೆಲಸ ಮಾಡಿಸುವವನ) ಕೈಯಿಂದ ಆಗುವ ತೋಟಗಳನ್ನು ಪಟ್ಟಿ ಮಾಡಿ. ಹೋಗುವುದಾದರೆ ಜನವರಿಯಲ್ಲಿ ಹೋಗಿ. ಮಳೆಗಾಲದಲ್ಲಿ ಹೋದರೆ ಖಾಲಿ ಲೈನ್ ಮನೆ ನೋಡಿಕೊಂಡು, ಮಾಲೀಕರ ಮನೆಯಲ್ಲಿ ಕಾಫಿ ಕುಡಿದು ಬರಬೇಕಾಗುತ್ತದೆ.

ಕೆಲ ವರ್ಷಗಳ ಹಿಂದೆ ಸಕಲೇಶಪುರದ ಕಡೆಯ ತೋಟವೊಂದರ ಪರಿಶೀಲನೆಗೆ ಹೋಗಿದ್ದೆ. ಕಚೇರಿಯ ಚೆಕ್‌ರೋಲ್, ಅಂದರೆ ಹಾಜರಿ ಮತ್ತು ಕೂಲಿಯ ಪುಸ್ತಕ, ಅಚ್ಚುಕಟ್ಟಾಗಿತ್ತು. ಕೂಲಿ ಸರಿ, ಸಹಿ ಸರಿ. ತೋಟದ ಲೆಕ್ಕ ಬರೆಯುವ ರೈಟರ್ ಹೆಮ್ಮೆಯಿಂದಲೇ ತೋರಿಸಿದರು. ಹೊರಡುವ ಮುನ್ನ, ಮೇಸ್ತ್ರಿಯ ಜೇಬಿನಲ್ಲಿದ್ದ ಸಣ್ಣ ನೋಟ್‌ಬುಕ್ ಕೊಡಿಸಿ ಎಂದೆ. ಅದರಲ್ಲಿ ಪ್ರತಿ ಹೆಸರಿನ ಮುಂದೆ ಮುಂಗಡ, ರೈಲು ಟಿಕೆಟ್, ಅಕ್ಕಿ, ಮೊಬೈಲ್ ರೀಚಾರ್ಜ್, ಎಲ್ಲದರ ಲೆಕ್ಕವಿತ್ತು. ಹತ್ತು ವಾರ ದುಡಿದ ಒಬ್ಬ ಹುಡುಗ ಬಂದ ದಿನಕ್ಕಿಂತ ಹೆಚ್ಚು ಸಾಲದಲ್ಲಿದ್ದ. ಮಾಲೀಕರಿಗೆ ಇದು ನಿಜಕ್ಕೂ ಗೊತ್ತಿರಲಿಲ್ಲ. ಚೆಕ್‌ರೋಲಿನಲ್ಲಿ ಸಹಿ ಹಾಕಿದವನೇ ಬೇರೆ, ದುಡ್ಡು ಪಡೆದವನೇ ಬೇರೆ. ಅಂದಿನಿಂದ ನಾನು ಮೊದಲು ಕೇಳುವುದೇ ಆ ಪುಸ್ತಕವನ್ನು.

ಕಾರ್ಮಿಕರೊಂದಿಗೆ ಮಾತನಾಡುವಾಗ ಮೇಸ್ತ್ರಿಯಾಗಲಿ ರೈಟರ್ ಆಗಲಿ ಹತ್ತಿರ ಇರಬಾರದು. ಅವರ ಭಾಷೆ ಬಲ್ಲವರನ್ನು ನೀವೇ ಕರೆದೊಯ್ಯಿರಿ. ಅನುವಾದಕ್ಕೆ ಮೇಸ್ತ್ರಿಯನ್ನೇ ನಿಲ್ಲಿಸಿಕೊಳ್ಳುವ ತಪ್ಪನ್ನು ದೊಡ್ಡ ದೊಡ್ಡ ತಪಾಸಣಾ ತಂಡಗಳೂ ಮಾಡುತ್ತವೆ. ‘ನಿಮಗೆ ಬಲವಂತ ಮಾಡುತ್ತಾರೆಯೇ’ ಎಂದು ಕೇಳಿ ಪ್ರಯೋಜನವಿಲ್ಲ. ‘ನಾಳೆ ಊರಿಗೆ ಹೊರಟರೆ ಯಾರು ಏನನ್ನುತ್ತಾರೆ’ ಎಂದು ಕೇಳಿ. ಹೋದ ಸಂತೆಗೆ ಹೋಗಿದ್ದಿರಾ, ಆಧಾರ್ ಕಾರ್ಡ್ ಎಲ್ಲಿದೆ, ಕೊನೆಯ ಸಲ ದುಡ್ಡು ಕೈಗೆ ಬಂದದ್ದು ಯಾವಾಗ ಎಂದು ವಿಚಾರಿಸಿ.

ಒಂದು ಕಹಿ ಮಾತನ್ನೂ ಹೇಳಬೇಕು. ಸರಕು ಪಡೆದ ಮೇಲೆ ಬೆಳೆಗಾರರಿಗೆ ನೀವು ಹಣ ಕೊಡುವುದು ಎಷ್ಟು ದಿನಕ್ಕೆ? ನೀವು ಎರಡು ತಿಂಗಳು ತಡಮಾಡಿದರೆ ತೋಟದಲ್ಲಿ ಬಟವಾಡೆ ತಡವಾಗುತ್ತದೆ. ಆ ನಡುವೆ ಅಕ್ಕಿಬೇಳೆಗೆ ಮೇಸ್ತ್ರಿ ಕೊಡುವ ಸಾಲ ಬೆಳೆಯುತ್ತದೆ. ಪ್ರಶ್ನಾವಳಿಯಲ್ಲಿ ಈ ಪ್ರಶ್ನೆ ಇರಲಾರದು, ನೀವೇ ಹಾಕಿಕೊಳ್ಳಿ.

ತೊಂದರೆ ಕಂಡುಬಂದರೆ ಕೂಡಲೇ ಆ ತೋಟದ ಖರೀದಿ ನಿಲ್ಲಿಸಿ ಕೈ ತೊಳೆದುಕೊಳ್ಳಬೇಡಿ. ಹಾಗೆ ಮಾಡಿದರೆ ಕಾರ್ಮಿಕರನ್ನು ರಾತ್ರೋರಾತ್ರಿ ಲಾರಿ ಹತ್ತಿಸಿ ಸಾಗಹಾಕುತ್ತಾರೆ, ಬಾಕಿ ಕೂಲಿಯೂ ಹೋಗುತ್ತದೆ. ಜೀತದ ಲಕ್ಷಣ ಇದ್ದರೆ ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿಗೆ ತಿಳಿಸಿ. ಜಿಲ್ಲಾ ಮತ್ತು ಉಪವಿಭಾಗ ಮಟ್ಟದಲ್ಲಿ ಜಾಗೃತಿ ಸಮಿತಿಗಳು ಇರಬೇಕೆಂದು ಕಾಯ್ದೆಯೇ ಹೇಳುತ್ತದೆ. ಜೀತದಿಂದ ಬಿಡುಗಡೆಯಾಗಿದ್ದಾನೆ ಎಂದು ಅಧಿಕಾರಿ ಕೊಡುವ ಬಿಡುಗಡೆ ಪತ್ರ ಸಿಕ್ಕರೆ ಕಾರ್ಮಿಕನಿಗೆ ಪುನರ್ವಸತಿ ನೆರವಿನ ದಾರಿ ತೆರೆಯುತ್ತದೆ. ಕಂಪನಿಯೊಳಗೇ ರಾಜಿ ಮಾಡಿ ಮುಗಿಸಿದರೆ ಅದು ಸಿಗುವುದಿಲ್ಲ. ಬೆಳೆಗಾರರನ್ನು ಬಿಡಬೇಕೋ ಉಳಿಸಿಕೊಳ್ಳಬೇಕೋ ಎಂಬುದನ್ನು ಆಮೇಲೆ, ಅವರು ತಿದ್ದಿಕೊಳ್ಳುತ್ತಾರೆಯೇ ಎಂದು ನೋಡಿ ತೀರ್ಮಾನಿಸಿ. ಪ್ರಶ್ನಾವಳಿಯಲ್ಲಿ ‘ಇಷ್ಟು ತೋಟ ನೋಡಿದ್ದೇವೆ, ಇಷ್ಟರಲ್ಲಿ ಮುಂಗಡದ ಸಮಸ್ಯೆ ಕಂಡಿದೆ, ಹೀಗೆ ಸರಿಪಡಿಸುತ್ತಿದ್ದೇವೆ’ ಎಂದು ಬರೆಯಿರಿ.

ಪ್ರಶ್ನೆ: ಮೂಡಿಗೆರೆ ಹತ್ತಿರ ಹದಿನೈದು ಎಕರೆ ತೋಟವಿದೆ. ಹನ್ನೆರಡು ಜನರನ್ನು ಕರೆತರಲು ಮೇಸ್ತ್ರಿಗೆ ಎರಡು ಲಕ್ಷ ಮುಂಗಡ ಕೊಟ್ಟೆ. ಮೂರನೇ ವಾರಕ್ಕೇ ಇಬ್ಬರು ಊರಿಗೆ ಹೋಗುತ್ತೇವೆ ಎನ್ನುತ್ತಿದ್ದಾರೆ. ಪೊಲೀಸ್ ಪರಿಶೀಲನೆಗೆಂದು ಪಡೆದ ಅವರ ಆಧಾರ್ ಕಾರ್ಡ್ ನನ್ನ ಬಳಿಯೇ ಇದೆ. ಹಣ ತೀರುವವರೆಗೆ ಇಟ್ಟುಕೊಳ್ಳಬಹುದೇ? ನಷ್ಟ ನಾನೇ ಹೊರಬೇಕೇ?

ಉತ್ತರ: ಕಾರ್ಡನ್ನು ಇಂದೇ ವಾಪಸು ಕೊಡಿ. ಪರಿಶೀಲನೆಗೆ ನಕಲು ಪ್ರತಿ ಸಾಕು. ಇಲ್ಲಿಯವರೆಗೆ ನಿಮ್ಮದು ಮುಂಗಡದ ವ್ಯವಹಾರ. ಹಣ ತೀರದೆ ಬಿಡುವುದಿಲ್ಲ ಎಂದ ಕ್ಷಣದಿಂದ ಅದು ಜೀತದ ವ್ಯವಹಾರ. ಜೀತದ ಸಾಲವನ್ನು ಕಾಯ್ದೆ ಆಗಲೇ ಅಳಿಸಿಹಾಕಿದೆ. ವಸೂಲಿ ಮಾಡಿದರೆ ಅದೇ ಅಪರಾಧ. ಜೀತದ ಸಾಲ ಅಲ್ಲ ಎಂದು ಸಾಬೀತು ಮಾಡುವ ಹೊಣೆಯೂ ಕೊಟ್ಟವನದೇ. ದಂಡ ಎರಡು ಸಾವಿರ ರೂಪಾಯಿಯವರೆಗೆ ಎಂದು ಓದಿ ನಗುವವರಿದ್ದಾರೆ, ಅದು 1976ರ ಮೊತ್ತ. ಸೆರೆವಾಸ ಮಾತ್ರ ಮೂರು ವರ್ಷದವರೆಗೆ ಇದೆ. 2025ರ ನವೆಂಬರ್‌ನಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಹಳೆಯ ಕಾಯ್ದೆಗಳೆಲ್ಲ ಹೋದವು ಎಂದು ಕೆಲವರು ತಿಳಿದಿದ್ದಾರೆ. ಜೀತ ರದ್ದತಿ ಕಾಯ್ದೆ ಹೋಗಿಲ್ಲ.

ನಷ್ಟದ ಮಾತು. ಅವರನ್ನು ಕರೆತಂದ ರೈಲು, ಬಸ್ಸಿನ ಖರ್ಚನ್ನು ಕೂಲಿಯಲ್ಲಿ ಮುರಿಯುವಂತಿಲ್ಲ. ಇದು ವೇತನ ಕಾನೂನಿನಲ್ಲಿ ಮೊದಲಿನಿಂದಲೂ ಇರುವ ಮಾತು, ಯಾರೂ ಪಾಲಿಸುವುದಿಲ್ಲ. ಕೆಲಸದಲ್ಲಿ ಇದ್ದವರಿಗೆ ಕೊಟ್ಟ ಮುಂಗಡವನ್ನು ನಿಯಮದಂತೆ ಕೂಲಿಯಲ್ಲಿ ಮುರಿದುಕೊಳ್ಳಬಹುದು, ಆದರೆ ಎಲ್ಲ ಕಡಿತ ಸೇರಿ ಅರ್ಧ ಕೂಲಿಯನ್ನು ಮೀರಬಾರದು. ಮೇಸ್ತ್ರಿಗೆ ಕೊಟ್ಟ ಹಣವನ್ನು ಮೇಸ್ತ್ರಿಯಿಂದಲೇ, ಬೇಕಿದ್ದರೆ ಸಿವಿಲ್ ದಾವೆ ಹೂಡಿ, ಕೇಳಿ. ಆಳಿನ ಮೇಲೆ ಹೊರಿಸಬೇಡಿ. ಆ ಎರಡು ಲಕ್ಷದಲ್ಲಿ ಅವರ ಕೈಗೆ ಎಷ್ಟು ತಲುಪಿದೆ ಎಂದು ಒಬ್ಬೊಬ್ಬರನ್ನೇ ಕೇಳಿ ನೋಡಿ, ನಿಮಗೇ ಆಶ್ಚರ್ಯವಾಗುತ್ತದೆ. ಮುಂದಿನ ಕೊಯ್ಲಿಗೆ ಮುಂಗಡ ಕಡಿಮೆ ಮಾಡಿ, ಕೂಲಿಯನ್ನು ವಾರಕ್ಕೊಮ್ಮೆ ಅವರವರ ಬ್ಯಾಂಕ್ ಖಾತೆಗೇ ಹಾಕಿ. ಪಾಸ್‌ಬುಕ್ ಮತ್ತು ಎಟಿಎಂ ಕಾರ್ಡ್ ಮೇಸ್ತ್ರಿಯ ಬಳಿ ಇರದಂತೆ ನೋಡಿಕೊಳ್ಳಿ.

ಪ್ರಶ್ನೆ: ನನ್ನ ತಂಗಿ ಹಾಸನದ ಗಾರ್ಮೆಂಟ್ಸ್ ಒಂದರ ಹಾಸ್ಟೆಲಿನಲ್ಲಿದ್ದಾಳೆ. ಭಾನುವಾರ ಎರಡು ಗಂಟೆ ಮಾತ್ರ ಹೊರಗೆ ಬಿಡುತ್ತಾರೆ, ಅದೂ ವಾರ್ಡನ್ ಜೊತೆ. ಸುರಕ್ಷತೆಗಾಗಿ ಎನ್ನುತ್ತಾರೆ. ಹೌದೇ?

ಉತ್ತರ: ರಾತ್ರಿ ಇಂತಿಷ್ಟು ಹೊತ್ತಿಗೆ ಗೇಟು ಮುಚ್ಚುವುದು ಸುರಕ್ಷತೆ. ವಯಸ್ಕ ಹೆಣ್ಣುಮಗಳು ಹಗಲಲ್ಲಿ ತನ್ನ ಪಾಡಿಗೆ ಪೇಟೆಗೆ ಹೋಗಿಬರದಂತೆ ತಡೆಯುವುದು ಸುರಕ್ಷತೆಯಲ್ಲ. ಬಲವಂತದ ದುಡಿಮೆಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಹೇಳುವ 11 ಸೂಚಕಗಳಲ್ಲಿ ಓಡಾಟದ ನಿರ್ಬಂಧವೂ ಒಂದು. ಕೆಲಸ ಬಿಡುತ್ತೇನೆ ಎಂದರೆ ಬಾಕಿ ಸಂಬಳ ತಡೆಹಿಡಿಯುತ್ತಾರೆಯೇ ಎಂದೂ ಕೇಳಿ ತಿಳಿದುಕೊಳ್ಳಿ. ಕಾರ್ಖಾನೆಯ ದೂರು ಪೆಟ್ಟಿಗೆಯ ಕೀಲಿ ವಾರ್ಡನ್ ಬಳಿಯೇ ಇದ್ದರೆ ಅದರಲ್ಲಿ ಚೀಟಿ ಹಾಕುವುದು ಬೇಡ. ಉಚಿತ ಕಾನೂನು ನೆರವಿನ ದೂರವಾಣಿ 15100. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಲು ಆಕೆಯೇ ಹೊರಗೆ ಬರಲಾಗದಿದ್ದರೆ, ಆಕೆಯ ಪರವಾಗಿ ನೀವು ಹೋಗಿ.