ಟೆಂಟ್ ವಾಸಕ್ಕೆ ಮನೆಯ ಸಾಮಾನುಗಳೇ ಸಾಕಾಗುತ್ತವೆಯೇ?

ಟೆಂಟ್ ಮತ್ತು ಸ್ಲೀಪಿಂಗ್ ಬ್ಯಾಗ್ ಬಿಟ್ಟು ಬೇರೇನನ್ನೂ ಕೊಳ್ಳದೆ, ಮನೆಯ ವಸ್ತುಗಳನ್ನೇ ನೆಚ್ಚಿಕೊಂಡು ಮೊದಲ ಸಲ ಎರಡು ರಾತ್ರಿ ಹೊರಗೆ ತಂಗಬಹುದೇ ಎಂದು ಕೇಳಿದ್ದೀರಿ. ಬಹುಮಟ್ಟಿಗೆ ಸಾಧ್ಯ, ನಾನು ಹಲವು ವರ್ಷಗಳಿಂದ ಹೀಗೆಯೇ ಹೋಗಿಬರುತ್ತಿದ್ದೇನೆ.

ಒಂದೇ ವಸ್ತುವನ್ನು ಆರಿಸಬೇಕೆಂದರೆ ನಾನು ದಪ್ಪನೆಯ ದೊಡ್ಡ ಕಸದ ಚೀಲವನ್ನು ಆರಿಸುತ್ತೇನೆ. ಬೆನ್ನುಚೀಲಕ್ಕೆ ಮೇಲಿನಿಂದ ಹೊದಿಸುವ ಮಳೆಗವಸು ಬೆನ್ನಿನ ಕಡೆ ತೆರೆದೇ ಇರುವುದರಿಂದ ಜೋರು ಮಳೆಯಲ್ಲಿ ನೀರು ಅಲ್ಲಿಂದ ಒಳಕ್ಕೆ ಇಳಿಯುತ್ತದೆ. ಅದರ ಬದಲು ಕಸದ ಚೀಲವನ್ನು ಬೆನ್ನುಚೀಲದ ಒಳಗೇ ಇಳಿಬಿಟ್ಟು, ಸ್ಲೀಪಿಂಗ್ ಬ್ಯಾಗನ್ನೂ ಬಟ್ಟೆಗಳನ್ನೂ ಅದರಲ್ಲಿ ತುಂಬಿ, ಗಾಳಿಯನ್ನು ಹೊರದೂಡಿ ಬಾಯಿಯನ್ನು ತಿರುಚಿ ಮಡಚಿಟ್ಟರೆ, ಹೊರಗಿನ ಚೀಲ ಪೂರ್ತಿ ತೊಯ್ದರೂ ಒಳಗಿನದು ನೆನೆಯುವುದಿಲ್ಲ. ಸುವಾಸನೆ ಬೆರೆಸಿದ ಚೀಲವನ್ನು ಮಾತ್ರ ತರಬೇಡಿ.

ಸ್ನಾನದ ಮನೆಯ ಹಳೆಯ ಪ್ಲಾಸ್ಟಿಕ್ ಪರದೆಯನ್ನು ಟೆಂಟಿನ ಅಡಿಗೆ ಹಾಸಬಹುದು. ಆದರೆ ಅದರ ಅಂಚನ್ನು ಟೆಂಟಿನ ತಳಕ್ಕಿಂತ ನಾಲ್ಕು ಬೆರಳಿನಷ್ಟು ಒಳಕ್ಕೆ ಮಡಚಿರಬೇಕು. ನಾನು ಮೊದಲ ಸಲ ಅದನ್ನು ಅಗಲವಾಗಿ ಹಾಸಿದ್ದೆ. ಟೆಂಟಿನಿಂದ ಜಾರಿದ ಮಳೆನೀರು ಹೊರಗೆ ಚಾಚಿದ್ದ ಪರದೆಯ ಮೇಲೆ ಬಿದ್ದು, ನೇರವಾಗಿ ನಮ್ಮ ಅಡಿಗೇ ಹರಿದು ನಿಂತಿತು.

ಆಹಾರವನ್ನು ತಂಪಾಗಿಡಲು ನೀರಿನ ಬಾಟಲಿಗಳನ್ನು ಹಿಂದಿನ ದಿನವೇ ಫ್ರೀಜರಿನಲ್ಲಿ ಗಟ್ಟಿಯಾಗಿಸಿಕೊಳ್ಳಿ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುವುದರಿಂದ ಕಂಠದವರೆಗೆ ತುಂಬಬಾರದು. ಇಡೀ ಗಡ್ಡೆಯಾಗಿರುವ ಮಂಜು ಸಣ್ಣ ತುಂಡುಗಳಿಗಿಂತ ನಿಧಾನವಾಗಿ ಕರಗುತ್ತದೆ, ಕರಗಿದ ಮೇಲೆ ಕುಡಿಯುವ ನೀರೂ ಆಗುತ್ತದೆ.

ಬೆಂಕಿ ಹೊತ್ತಿಸಲು ಹತ್ತಿಯ ಉಂಡೆಗೆ ಪೆಟ್ರೋಲಿಯಂ ಜೆಲ್ಲಿಯನ್ನು ಚೆನ್ನಾಗಿ ತಿಕ್ಕಿ, ಮುಚ್ಚಳ ಬಿಗಿಯಾಗಿರುವ ಸಣ್ಣ ಡಬ್ಬಿಯಲ್ಲಿ ಒಯ್ಯಿರಿ. ಬರೀ ಹತ್ತಿ ಭಗ್ಗನೆ ಉರಿದು ಆರಿಹೋಗುತ್ತದೆ. ಜೆಲ್ಲಿ ಸೇರಿದರೆ ಅದು ದೀಪದ ಬತ್ತಿಯಂತೆ ಕೆಲವು ನಿಮಿಷ ಉರಿದು, ಅರೆಒಣಗಿದ ಪುಳ್ಳೆಗಳಿಗೂ ಕಿಚ್ಚು ಹತ್ತಿಸುತ್ತದೆ. ಹಚ್ಚುವ ಮೊದಲು ಉಂಡೆಯನ್ನು ಸ್ವಲ್ಪ ಹಿಂಜಿ ಎಳೆಗಳನ್ನು ಬಿಡಿಸಿ. ನೆನೆದ ಬೂಟಿನೊಳಗೆ ಹಳೆಯ ಪತ್ರಿಕೆಯ ಹಾಳೆಗಳನ್ನು ಮುದ್ದೆ ಮಾಡಿ ತುರುಕಿಟ್ಟರೆ ತೇವವನ್ನು ಹೀರುತ್ತವೆ. ತಲೆಗೆ ಕಟ್ಟಿಕೊಳ್ಳುವ ಹೆಡ್‌ಲ್ಯಾಂಪನ್ನು ನೀರು ತುಂಬಿದ ಬಿಳಿಯ ಕ್ಯಾನಿಗೆ ಬೆಳಕು ಒಳಮುಖವಾಗುವಂತೆ ಕಟ್ಟಿದರೆ ಟೆಂಟಿನ ತುಂಬ ಮೃದುವಾದ ಬೆಳಕು ಹರಡುತ್ತದೆ.

ಎರಡು ವಿಷಯಗಳಲ್ಲಿ ಮಾತ್ರ ಈ ಬಗೆಯ ಪ್ರಯೋಗ ಬೇಡವೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಗಾಳಿ ತಡೆಯಲು ಅಲ್ಯೂಮಿನಿಯಂ ಹಾಳೆಯನ್ನು ಕೆಲವರು ಒಲೆಯ ಸುತ್ತ ಸುತ್ತುತ್ತಾರೆ. ಅನಿಲದ ಡಬ್ಬಿಯ ಮೇಲೆಯೇ ಕೂರುವ ಒಲೆಗೆ ಹಾಗೆ ಮಾಡಿದರೆ ಡಬ್ಬಿ ಕಾದು ಸಿಡಿಯಬಹುದು. ಇನ್ನು ಎಷ್ಟೇ ಚಳಿಯಿದ್ದರೂ ಕೆಂಡವನ್ನು ಟೆಂಟಿನೊಳಗೆ ತರಬೇಡಿ, ಏಕೆಂದರೆ ಅದರಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ನಿದ್ದೆಯಲ್ಲಿದ್ದವರಿಗೆ ಅದು ತಿಳಿಯುವುದೇ ಇಲ್ಲ. ಚಳಿಗೆ, ಬಿಗಿಯಾದ ಮುಚ್ಚಳದ ಒಂದೇ ಪದರದ ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿ, ದಪ್ಪ ಕಾಲುಚೀಲದೊಳಗೆ ಹಾಕಿ ಸ್ಲೀಪಿಂಗ್ ಬ್ಯಾಗಿನಲ್ಲಿ ಪಾದದ ಬಳಿ ಇಟ್ಟುಕೊಳ್ಳಿ.