ರೈಜನ್ 5 1600 ಪಿಸಿಗೆ ವಿಂಡೋಸ್ 11 ಹಾಕಲಾ, ಲಿನಕ್ಸ್ ಹಾಕಲಾ?

ರೈಜನ್ 5 1600 ಪ್ರೊಸೆಸರ್, ಬಿ450 ಬೋರ್ಡ್, ಒಂದೇ 8 ಜಿಬಿ ರ‍್ಯಾಮ್, ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್, ಹಳೇ ಹಾರ್ಡ್ ಡಿಸ್ಕ್. ಆಡೋದು ವ್ಯಾಲರಂಟ್ ಮತ್ತು ಜಿಟಿಎ ಆನ್‌ಲೈನ್. ಇಷ್ಟು ಹೇಳಿದ್ದೀರಿ, ಅಲ್ವಾ?

ಹಾಗಾದರೆ ಲಿನಕ್ಸ್ ಬಿಟ್ಟುಬಿಡಿ. ವ್ಯಾಲರಂಟ್‌ನ ವ್ಯಾನ್‌ಗಾರ್ಡ್ (ಆಟದಲ್ಲಿ ಮೋಸ ತಡೆಯುವ ತಂತ್ರಾಂಶ) ಅಲ್ಲಿ ಓಡುವುದೇ ಇಲ್ಲ. ಜಿಟಿಎ ಆನ್‌ಲೈನ್ ಕೂಡ 2024ರ ಸೆಪ್ಟೆಂಬರ್‌ನಲ್ಲಿ ಬ್ಯಾಟಲ್‌ಐ ಎಂಬ ಇಂಥದ್ದೇ ತಂತ್ರಾಂಶ ಬಂದ ಮೇಲೆ ಕೈಕೊಟ್ಟಿತು. ಒಬ್ಬರೇ ಆಡುವ ಗೇಮ್‌ಗಳಷ್ಟೇ ಆಗಿದ್ದರೆ ಸ್ಟೀಮ್‌ನ ಪ್ರೋಟಾನ್ (ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ತಂತ್ರಾಂಶ) ಸಾಕು ಅಂತಿದ್ದೆ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಒಪ್ಪುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ನಿಮ್ಮ 1600 ಇಲ್ಲ. ಆದರೆ ಬೋರ್ಡ್ ಬದಲಿಸುವ ಖರ್ಚು ಬೇಡ, ಬಿ450ಗೆ ಆ ಪಟ್ಟಿಯಲ್ಲಿರುವ ರೈಜನ್ 5 5600 ಕೂರುತ್ತದೆ. ಒಂದೇ ಎಚ್ಚರ: ಹಳೇ ಪ್ರೊಸೆಸರ್ ಇರುವಾಗಲೇ ಬಯಾಸ್ (ಬೋರ್ಡ್‌ನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿ. ಇಲ್ಲಾಂದ್ರೆ ಹೊಸದನ್ನು ಹಾಕಿದಾಗ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪಗೇ ಇರುತ್ತದೆ. ನಂತರ ಬಯಾಸ್‌ನಲ್ಲಿ ಎಫ್‌ಟಿಪಿಎಂ (ಭದ್ರತಾ ಕೀಲಿಗಳನ್ನು ಕಾಯುವ ವ್ಯವಸ್ಥೆ) ಮತ್ತು ಸೆಕ್ಯೂರ್ ಬೂಟ್ (ನಂಬಿಗಸ್ತ ತಂತ್ರಾಂಶದಿಂದ ಮಾತ್ರ ಪಿಸಿ ಶುರುವಾಗುವಂತೆ ನೋಡುವುದು) ಎರಡನ್ನೂ ಆನ್ ಮಾಡಿ. ವಿಂಡೋಸ್ 11ರಲ್ಲಿ ವ್ಯಾಲರಂಟ್ ಇವೆರಡನ್ನೂ ಕೇಳುತ್ತದೆ.

ಅದಕ್ಕೂ ಮೊದಲು ಒಂದು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ವೇಗದ ಡ್ರೈವ್) ತಗೊಳ್ಳಿ. ವಿಂಡೋಸನ್ನು ಅದರ ಮೇಲೆ ಹೊಸದಾಗಿಯೇ ಹಾಕಿ, ಹಳೇದನ್ನು ಕಾಪಿ ಮಾಡೋ ಗೋಜು ಬೇಡ. ಜೊತೆಗೆ ಇನ್ನೊಂದು 8 ಜಿಬಿ ರ‍್ಯಾಮ್. ರೈಜನ್‌ಗೆ ಒಂದೇ ರ‍್ಯಾಮ್ ಇದ್ದರೆ ಗೇಮ್ ತಡವರಿಸೋದು ಜಾಸ್ತಿ.

ಗ್ರಾಫಿಕ್ಸ್ ಕಾರ್ಡ್ ಕೊನೆಗೆ ನೋಡೋಣ. ವ್ಯಾಲರಂಟ್‌ಗೆ 1050 ಟಿಐ ಧಾರಾಳ. ಪವರ್ ಸಪ್ಲೈ ಎಷ್ಟು ವ್ಯಾಟ್ ಅಂತ ಹೇಳಿ, ಕಾರ್ಡ್ ಮಾತು ಆಮೇಲೆ.